ಗುಂಡಿ ತೋಡಿದವನ ಬಾವುಟ

ಗುಂಡಿ ತೋಡೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾರೆ ಗುದ್ದಲಿ ನಮ್ಮ ಕೈಗೆ ಹುಟ್ಟಿನಿಂದಲೇ ಬಂದಿವೆ. ಊರಿನಲ್ಲಿ ದೊಡ್ಡವರು ಸತ್ತರೆ ಸುದ್ದಿ ಮೊದಲು ಮುಟ್ಟೋದು ಕೇರಿಗೆ: ಗುಣಿ ತೋಡೋಕೆ ನಾಲ್ಕು ಜನ ಬರ್ರಪ್ಪಾ. ದನ ಸತ್ತರೂ ಕೇರಿಗೇ ಹೇಳಿಕಳಿಸೋದು. ಬಾವಿ ತೋಡುವಾಗಲೂ ಕೇರಿಯವರೇ ಬೇಕು, ನೀರು ಬಂದ ದಿನದಿಂದ ತೋಡಿದೋನು ಹಗ್ಗ ಮುಟ್ಟಂಗಿಲ್ಲ. ತಪ್ಪಿಸಿಕೊಂಡು ಪಟ್ಟಣಕ್ಕೆ ಹೋದರೆ ಅಲ್ಲಿ ಮ್ಯಾನ್‌ಹೋಲು ಬಾಯಿ ತೆರೆದು ಕಾಯುತ್ತಿರುತ್ತದೆ. 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು ಬಂತು. ಕಾಯ್ದೆಗಳು ಬಂದವು, ಗುಂಡಿಗೆ ಇಳಿದ ನಮ್ಮವರ ಹೆಣ ಮೇಲಕ್ಕೆ ಬರೋದು ನಿಲ್ಲಲಿಲ್ಲ. ನಮ್ಮ ಅಪ್ಪಂದಿರು ತೋಡಿದ ಗುಂಡಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದಾದರೂ ಅವರ ಸ್ವಂತದ್ದಾಗಿರಲಿಲ್ಲ.

ಹಾಗಾಗಿಯೇ, ತನಗೋಸ್ಕರ ತಾನೇ ಒಂಬತ್ತು ಗುಂಡಿ ತೋಡಿಕೊಂಡ ಒಬ್ಬ ಮನುಷ್ಯನ ಕತೆ ಕಿವಿಗೆ ಬಿದ್ದಾಗ ನಾವು ಎದ್ದು ಕೂತೆವು. ಆತ ಅಮೆರಿಕದವನು. ಕರಿಯ. ಗುಲಾಮರ ಮೊಮ್ಮಗ. ಆತ ತೋಡಿದ್ದು ಗಾಲ್ಫ್ ಆಟದ ಗುಂಡಿಗಳು.

ಇದನ್ನು ಹೇಳಿದ ತಕ್ಷಣ ನಮ್ಮ ಹಾಸ್ಟೆಲ್ ರೂಮಿನಲ್ಲೇ ನಗೆ ಎದ್ದಿತು. 'ಗಾಲ್ಫಂತೆ! ಮುದ್ದೆಗೆ ಗತಿಯಿಲ್ಲದೋರಿಗೆ ಗಾಲ್ಫು!' ಅಂತ ಒಬ್ಬ ಗೆಳೆಯ ಚಾಪೆ ಬಡಿದು ನಕ್ಕ. ನಗಲಿ. ಗಾಲ್ಫ್ ಉಳ್ಳವರ ಆಟವೆಂಬುದು ನಮಗೂ ಗೊತ್ತು. ಬೆಂಗಳೂರಿನಲ್ಲಿ ಇಂಗ್ಲಿಷರು 1876ರಲ್ಲೇ ಗಾಲ್ಫ್ ಕ್ಲಬ್ಬು ಮಾಡಿಕೊಂಡಿದ್ದರು. ಅದೇ ಊರಿನ ಚಲ್ಲಘಟ್ಟದ ಕೆರೆ ಇದ್ದ ಜಾಗದಲ್ಲಿ ಇವತ್ತು ಗಾಲ್ಫ್ ಮೈದಾನ ಹರಡಿಕೊಂಡಿದೆ. ಕೆರೆ ಹೋಯಿತು, ಹುಲ್ಲು ಬಂತು, ಆ ಹುಲ್ಲಿನ ಮೇಲೆ ದನ ಮೇಯುವ ಹಾಗಿಲ್ಲ. ಅಂಥ ಗಾಲ್ಫಿಗೆ ಜೈಕಾರ ಹಾಕೋಕೆ ನಾವು ಲೇಖನಿ ಹಿಡಿದಿಲ್ಲ. ನಮ್ಮ ಜಗಳ ಆಟದ ಬಗ್ಗೆ ಅಲ್ಲವೇ ಅಲ್ಲ. ಆ ಒಂಬತ್ತು ಗುಂಡಿಗಳನ್ನು ಯಾರು ತೋಡಿದರು, ಯಾಕೆ ತೋಡಬೇಕಾಯಿತು, ತೋಡಿದ ಮೇಲೆ ಬಾಗಿಲಲ್ಲಿ ಯಾರನ್ನು ನಿಲ್ಲಿಸಿದರು, ಇಷ್ಟೇ ನಮ್ಮ ಪ್ರಶ್ನೆ.

ಗಾಲ್ಫಿನ ಗುಂಡಿ ಬಲು ಸಣ್ಣದು. ಅದರ ಅಗಲ ನಾಲ್ಕೂಕಾಲು ಇಂಚು. ನಮ್ಮ ಹುಡುಗರು ಗೋಲಿ ಆಡೋಕೆ ಹಿಮ್ಮಡಿ ತಿರುಗಿಸಿ ಮಾಡಿಕೊಳ್ಳುವ ಕುಣಿಗಿಂತ ಒಂದಿಷ್ಟು ದೊಡ್ಡದು, ಅಷ್ಟೆ. ಅದರಲ್ಲಿ ಒಂದು ಕೋಲು ನೆಟ್ಟು, ದೂರಕ್ಕೆ ಕಾಣಲೆಂದು ಬಾವುಟ ಕಟ್ಟುತ್ತಾರೆ. ಈ ನಾಲ್ಕೂಕಾಲು ಇಂಚಿನ ಅಳತೆಯನ್ನು 1891ರಲ್ಲಿ ಕಾಯಂ ಮಾಡಿದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಮಹನೀಯರ ಕ್ಲಬ್ಬು. ಗುಂಡಿಯ ಅಳತೆಯನ್ನು ಇಡೀ ಲೋಕಕ್ಕೆ ಗೊತ್ತುಮಾಡಿದ ಆ ಮಹನೀಯರು, ತಮ್ಮ ಬಾಗಿಲ ಅಳತೆಯನ್ನೂ ತಾವೇ ಗೊತ್ತುಮಾಡಿಕೊಂಡಿದ್ದರು. ಅದು ಹೆಣ್ಣುಮಕ್ಕಳು ನುಗ್ಗಲಾರದಷ್ಟು ಕಿರಿದು. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ಮೊದಲು ವಿಲಿಯಂ ಪವೆಲ್‌ನ ಕತೆ ಕೇಳಿ. 1916ರಲ್ಲಿ ಅಲಬಾಮದಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಮನೆಮಂದಿ ಓಹಿಯೋ ರಾಜ್ಯದ ಮಿನರ್ವ ಎಂಬ ಸಣ್ಣ ಊರಿಗೆ ಗುಳೆ ಬಂದರು. ಒಂಬತ್ತು ವರ್ಷದ ಹುಡುಗ ಪವೆಲ್ ಬಿಳಿಯರ ಗಾಲ್ಫ್ ಚೀಲ ಹೊತ್ತ. ಚೀಲ ಹೊರೋರಿಗೆ ಕ್ಯಾಡಿ ಅಂತಾರೆ. ನಮ್ಮಲ್ಲಿ ಗೌಡರ ಮಗನ ಸ್ಕೂಲ್ ಬ್ಯಾಗು ಹೊತ್ತು ಅಕ್ಷರ ಕಲಿತ ಹುಡುಗರು ಇದ್ದರಲ್ಲ, ಹಾಗೆ ಆತ ಚೀಲ ಹೊರುತ್ತಾ ಆಟ ಕಲಿತ. ಮುಂದೆ ಕರಿಯರಿಗಾಗಿಯೇ ಇದ್ದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯ ಸೇರಿದ. ಎರಡನೇ ಮಹಾಯುದ್ಧ ಬಂತು. ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟು ಇಂಗ್ಲೆಂಡಿಗೆ ಹೋದ. ಆ ಪರದೇಶದಲ್ಲಿ ಗಾಲ್ಫ್ ಆಡೋಕೆ ಆತನಿಗೆ ಜಾಗ ಸಿಕ್ಕಿತು. 1946ರಲ್ಲಿ ತನ್ನ ದೇಶಕ್ಕೆ ಮರಳಿದರೆ ಅಲ್ಲಿನ ಮೈದಾನಗಳಲ್ಲಿ ಸಿಗಲಿಲ್ಲ.

ಯುದ್ಧದಿಂದ ಬಂದ ಸೈನಿಕರಿಗೆ ಸಾಲ ಕೊಡಿಸುವ ಕಾಯ್ದೆಯನ್ನು ಅಮೆರಿಕ 1944ರಲ್ಲೇ ಮಾಡಿತ್ತು. ಪವೆಲ್ ಬ್ಯಾಂಕಿಗೆ ಹೋದ. ಬ್ಯಾಂಕು ಆತನ ಪದಕ ನೋಡಲಿಲ್ಲ, ತೊಗಲು ನೋಡಿತು. ಆಗ ಇಬ್ಬರು ಕರಿಯ ವೈದ್ಯರು ಪಾಲು ಹಾಕಿದರು. ಒಡಹುಟ್ಟಿದವನು ತನ್ನ ಮನೆ ಅಡವಿಟ್ಟ. ಈಸ್ಟ್ ಕ್ಯಾಂಟನ್ ಎಂಬ ಹಳ್ಳಿಯ ಬಳಿ 78 ಎಕರೆ ಹೈನು ಹೊಲ ಕೊಂಡರು. ಪವೆಲ್ ಕಾರ್ಖಾನೆಯೊಂದರಲ್ಲಿ ಕಾವಲುಗಾರ. ಪಾಳಿ ಮುಗಿಸಿ ಮಲಗಿ, ಎದ್ದು ಹೊಲಕ್ಕೆ ಬರೋನು. ಬೇಲಿಗೂಟ ಕೀಳೋದು, ಕಲ್ಲು ಆರಿಸೋದು, ಕೈಯಿಂದ ಹುಲ್ಲಿನ ಬೀಜ ಎರಚೋದು. ಹೆಂಡತಿ ಮಾರ್ಸೆಲ್ಲಾ ಜೊತೆಗೆ ದುಡಿದಳು. ಎರಡು ವರ್ಷ ಹೀಗೆ ಬೆನ್ನು ಬಗ್ಗಿಸಿದ ಮೇಲೆ 1948ರಲ್ಲಿ ಒಂಬತ್ತು ಗುಂಡಿ, ಒಂಬತ್ತು ಬಾವುಟ ಎದ್ದವು. ಹೆಸರು ಕ್ಲಿಯರ್‌ವ್ಯೂ. ಕರಿಯನೊಬ್ಬ ತಾನೇ ನಕ್ಷೆ ಹಾಕಿ, ತಾನೇ ಕಟ್ಟಿ, ತಾನೇ ಒಡೆಯನಾಗಿ ನಡೆಸಿದ ಮೊದಲ ಗಾಲ್ಫ್ ಮೈದಾನವೆಂದು ಚರಿತ್ರೆ ಅದನ್ನು ಬರೆದುಕೊಂಡಿದೆ.

ಈ ಕತೆ ನಮ್ಮದಲ್ಲ ಅನ್ನೋರಿಗೆ ಒಂದು ಮಾತು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಸಜ್ಜನರಿಗೆ. ಪವೆಲ್ ಓದಿದ ಅದೇ ವಿಲ್ಬರ್‌ಫೋರ್ಸ್‌ನಲ್ಲಿ ಅದಕ್ಕೂ ಹಿಂದೆ, 1894ರಿಂದ 1896ರವರೆಗೆ, ಡುಬೋಯಿಸ್ ಎಂಬ ಕರಿಯರ ಮಹಾ ಚಿಂತಕ ಪಾಠ ಹೇಳಿದ್ದರು. ಪವೆಲ್ ಬೇಲಿಗೂಟ ಕೀಳತೊಡಗಿದ 1946ರಲ್ಲೇ ಬಾಬಾಸಾಹೇಬರು ಆ ಡುಬೋಯಿಸರಿಗೆ ಕಾಗದ ಬರೆದರು. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕೆಂದು ಕೇಳಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮನ್ನು ಪ್ಯಾಂಥರುಗಳೆಂದು ಕರೆದುಕೊಂಡದ್ದು ಯಾರನ್ನು ನೋಡಿ ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ನೆಂಟಸ್ತಿಕೆ ನಿನ್ನೆ ಮೊನ್ನೆಯದಲ್ಲ.

ಆದರೆ ಪವೆಲ್ಲನ ಹೆಸರು ಎತ್ತಿದ ಕೂಡಲೇ ಇನ್ನೊಂದು ಜಾತಿಯ ಜನ ಓಡಿ ಬರುತ್ತಾರೆ. ಇವರು ನಮ್ಮ ಕಾಲೇಜುಗಳಲ್ಲಿ, ಸೆಮಿನಾರುಗಳಲ್ಲಿ ಇದ್ದಾರೆ. ನಯವಾಗಿ ನಗುತ್ತಾರೆ. ಹೆಗಲ ಮೇಲೆ ಕೈ ಹಾಕುತ್ತಾರೆ. 'ನೋಡಿ, ಎಂಥಾ ಮನುಷ್ಯ! ಧಿಕ್ಕಾರ ಕೂಗಲಿಲ್ಲ, ಕಲ್ಲು ಹೊಡೆಯಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಒಳಗೆ ಬಿಡಲಿಲ್ಲವೇ, ತಾನೇ ಒಂದು ಕಟ್ಟಿಕೊಂಡ. ನೀವೂ ಹೀಗೆ ಯಾಕೆ ಮಾಡಬಾರದು?' ಅಂತ ಕೇಳುತ್ತಾರೆ.

ಸ್ವಾಮಿ, ಸ್ವಲ್ಪ ನಿಲ್ಲಿ. ನೀವು ಹೊಗಳುತ್ತಿರುವುದು ಒಂದು ಆರೋಪಪಟ್ಟಿಯನ್ನು. ಆ ಒಂಬತ್ತು ಗುಂಡಿಗಳಲ್ಲಿ ಒಂದೊಂದೂ ಒಂದೊಂದು ಸಾಕ್ಷಿ. ದೇಶಕ್ಕಾಗಿ ಯುದ್ಧಕ್ಕೆ ಹೋಗಿ ಬಂದವನಿಗೆ ದೇಶದ ಕಾಯ್ದೆಯೇ ಕೊಡುತ್ತೇನೆಂದ ಸಾಲ ಯಾಕೆ ಸಿಗಲಿಲ್ಲ? ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘ 1934ರಲ್ಲಿ 'ಬಿಳಿಯರಿಗೆ ಮಾತ್ರ' ಎಂದು ತನ್ನ ನಿಯಮದಲ್ಲೇ ಬರೆದುಕೊಂಡು, 1961ರವರೆಗೆ ಅದನ್ನು ಕಾಪಾಡಿಕೊಂಡು ಬಂತಲ್ಲ, ಅದನ್ನು ಬರೆದವರು ಯಾರು? ಒಂಬತ್ತು ಗುಂಡಿ ಹದಿನೆಂಟಾಗಲು ಪವೆಲ್ 1978ರವರೆಗೆ, ಮೂವತ್ತು ವರ್ಷ ಕಾಯಬೇಕಾಯಿತು. ಆ ಮೂವತ್ತು ವರ್ಷಗಳನ್ನು ಯಾರು ಹಿಂದಕ್ಕೆ ಕೊಡುತ್ತಾರೆ? 2001ರಲ್ಲಿ ಕ್ಲಿಯರ್‌ವ್ಯೂ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಬಿಳಿಯರಿಗೆ ಮಾತ್ರ ಎಂದಿದ್ದ ಅದೇ ಸಂಘ 2009ರಲ್ಲಿ ಪವೆಲ್ಲನಿಗೆ ದೊಡ್ಡ ಪ್ರಶಸ್ತಿ ಕೊಟ್ಟಿತು. ಅದೇ ವರ್ಷದ ಕೊನೆಯ ದಿನ, 93ನೇ ವಯಸ್ಸಿನಲ್ಲಿ, ಆತ ತೀರಿಕೊಂಡ. ಬದುಕಿದ್ದಾಗ ಬಾಗಿಲು ಹಾಕಿ, ಮುಪ್ಪಾದ ಮೇಲೆ ಹಾರ ಹಾಕುವ ವಿದ್ಯೆ ಅಮೆರಿಕದಲ್ಲೂ ಇದೆ ಅನ್ನೋದು ನಮಗೆ ಸಮಾಧಾನದ ಸಂಗತಿಯೇನಲ್ಲ.

ತಾನೇ ಕಟ್ಟಿಕೊಂಡ ಅನ್ನುವ ಹೊಗಳಿಕೆಯ ವಿಷ ಏನೆಂದು ನಮಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮೂರ ಶಾಲೆಯ ಹಿಂದೆ ಒಂದು ಮೈದಾನವಿದೆ. ಸಂಜೆ ಅಲ್ಲಿ ಊರ ಹುಡುಗರು ವಾಲಿಬಾಲ್ ಆಡುತ್ತಾರೆ. ನಾವು ಹೈಸ್ಕೂಲಿನಲ್ಲಿದ್ದಾಗ ಗೆರೆಯಾಚೆ ನಿಂತು ಬಾಲು ಹೊರಗೆ ಬಿದ್ದರೆ ಎತ್ತಿ ಕೊಡುತ್ತಿದ್ದೆವು. ಒಳಗೆ ಕಾಲಿಟ್ಟ ದಿನ, 'ನಿಮ್ಮ ಕಡೆ ಒಂದು ಮಾಡ್ಕಳ್ರೋ, ಬೇಡ ಅಂದೋರ್ಯಾರು' ಅಂದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಬುದ್ಧಿ ಹೇಳಿದ ಹಾಗೆ ಹೇಳಿದರು. ಸರಿ, ನಾವು ಕೇರಿಯ ಹಿಂದಿನ ಖರಾಬು ಜಾಗದಲ್ಲಿ ಜಾಲಿ ಕಡಿದೆವು. ಮುಳ್ಳು ಕಾಲಿಗೆ ನಾಟಿ ಕೀವು ಕಟ್ಟಿತು. ಅಪ್ಪಂದಿರ ಹಾರೆ ತಂದು ಎರಡು ಗುಂಡಿ ತೋಡಿ ಎರಡು ಕಂಬ ನೆಟ್ಟೆವು. ಬಲೆಗೆ ಹಳೇ ಮೀನುಬಲೆ. ಕಂಬದ ತುದಿಗೆ ನೀಲಿ ಬಟ್ಟೆ ಕಟ್ಟಿದೆವು. ನಮ್ಮಪ್ಪ ಬಂದು ನೋಡಿ, ಬಹಳ ಹೊತ್ತು ಏನೂ ಹೇಳದೆ ನಿಂತಿದ್ದು, 'ಗುಂಡಿ ಇನ್ನೊಂದು ಗೇಣು ಆಳ ಬೇಕಾಗಿತ್ತು' ಅಂದು ಹೋದರು.

ಮುಂದೆ ಒಂದು ವರ್ಷ ಆಟದ ಮೈದಾನ ರಿಪೇರಿಗೆ ಅಂತ ಪಂಚಾಯ್ತಿಗೆ ದುಡ್ಡು ಬಂತು. ಶಾಲೆ ಮೈದಾನದಲ್ಲಿ ನಮಗೂ ಆಡಲು ಬಿಡಿ, ಇಲ್ಲ ಅಂದರೆ ಈ ಕಡೆಗೂ ಒಂದು ಪಾಲು ಕೊಡಿ ಅಂತ ಅರ್ಜಿ ಹಿಡಿದು ಹೋದೆವು. ಬಂದ ಉತ್ತರ ನೋಡಿ: 'ನಿಮಗೆ ನಿಮ್ಮದೇ ಇದೆಯಲ್ಲಪ್ಪ!' ದುಡ್ಡೆಲ್ಲ ಶಾಲೆ ಮೈದಾನಕ್ಕೆ ಸುರಿದರು. ನಾವು ಬೆವರು ಸುರಿಸಿ ಮಾಡಿಕೊಂಡ ಅಂಗಳವೇ ನಮ್ಮನ್ನು ಹೊರಗಿಡಲು ಅವರಿಗೆ ನೆವವಾಯಿತು. ಗೆಳೆಯರೇ, ಬೇರೆ ಬಾವಿ ಅಂದರೆ ಇದೇ.

ಹಾಗಾದರೆ ಪವೆಲ್ ಮಾಡಿದ್ದು ತಪ್ಪೇ? ಒಳಗೆ ಬಿಡದವರಿಗೆ ಅನುಕೂಲ ಮಾಡಿಕೊಟ್ಟನೇ? ನಮ್ಮ ಸಂಗಾತಿಗಳಲ್ಲಿ ಒಂದು ಗುಂಪು ಹೌದು ಅನ್ನುತ್ತದೆ. ಅವರು ಮಹಾಡ್ ತೋರಿಸುತ್ತಾರೆ. ಪುರಸಭೆ 1924ರಲ್ಲೇ ಚವದಾರ್ ಕೆರೆ ಎಲ್ಲರಿಗೂ ಎಂದು ಠರಾವು ಮಾಡಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ನೀರಿಲ್ಲದೆ ಸಾಯುತ್ತೇವೆಂದು ಹೋದದ್ದಲ್ಲ, ನಾವೂ ಮನುಷ್ಯರೆಂದು ಸಾರಲು ಹೋದದ್ದು. ಮೇಲ್ಜಾತಿಯವರು 108 ಮಡಕೆ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧ ಮಾಡಿಕೊಂಡರು. ಗಾಲ್ಫ್ ಗುಂಡಿಯ ಅಗಲ ಮಿಲಿಮೀಟರಿನಲ್ಲಿ ಲೆಕ್ಕ ಹಾಕಿದರೆ ಅದೂ 108 ಬರುತ್ತದೆ. ಮಡಿವಂತರ ಲೆಕ್ಕ ಎಲ್ಲಿ ಹೋದರೂ ತಪ್ಪುವುದಿಲ್ಲ!

ಅಮೆರಿಕದಲ್ಲೂ ಗಾಲ್ಫಿನ ಮಹಾಡ್ ಒಂದು ನಡೆದಿದೆ. ನಾರ್ತ್ ಕೆರೊಲಿನದ ಗ್ರೀನ್ಸ್‌ಬರೊ ಪಟ್ಟಣದಲ್ಲಿ ಸಾರ್ವಜನಿಕ ದುಡ್ಡಿನ ಗಾಲ್ಫ್ ಮೈದಾನವಿತ್ತು. ಕರಿಯರನ್ನು ದೂರವಿಡಲು ಅದನ್ನು ಒಂದು ಡಾಲರಿಗೆ ಖಾಸಗಿ ಕ್ಲಬ್ಬಿನ ಹೆಸರಿಗೆ ಬರೆದುಕೊಟ್ಟಿದ್ದರು. 1955ರ ಡಿಸೆಂಬರ್ 7ರಂದು ಜಾರ್ಜ್ ಸಿಮ್ಕಿನ್ಸ್ ಎಂಬ ಹಲ್ಲಿನ ಡಾಕ್ಟರು, ಜೊತೆಗೆ ಐದು ಜನ, ತಲಾ 75 ಸೆಂಟು ಮೇಜಿನ ಮೇಲಿಟ್ಟು ಆಡಲು ಇಳಿದರು. ಅದಕ್ಕೆ ಆರು ದಿನ ಹಿಂದೆಯಷ್ಟೇ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟೇಳಲು ಒಪ್ಪದೆ ಕೂತಿದ್ದಳು. ಆ ಆರೂ ಜನರನ್ನು ಅತಿಕ್ರಮಣದ ಕೇಸು ಹಾಕಿ ಹಿಡಿದರು. ಮೈದಾನ ಎಲ್ಲರಿಗೂ ತೆರೆಯಬೇಕೆಂದು ನ್ಯಾಯಾಲಯ ಹೇಳಿತು. ಅದು ಜಾರಿಗೆ ಬರುವ ಮೊದಲೇ ಕ್ಲಬ್ಬಿನ ಕಟ್ಟಡಕ್ಕೆ ಬೆಂಕಿ ಬಿತ್ತು. ನಗರದವರು ಆ ಮೈದಾನವನ್ನೇ ಮುಚ್ಚಿದರು. ಮತ್ತೆ ತೆರೆದದ್ದು 1962ರಲ್ಲಿ. ಹಂಚಿಕೊಳ್ಳೋದಕ್ಕಿಂತ ತಾವೂ ಆಡದೇ ಇರೋದು ಮೇಲು ಅಂದುಕೊಂಡರು. ನಮ್ಮೂರುಗಳಲ್ಲಿ ನಾವು ಒಳಗೆ ಹೋಗುತ್ತೇವೆ ಅಂದ ವರ್ಷ ಜಾತ್ರೆಯನ್ನೇ ನಿಲ್ಲಿಸುತ್ತಾರಲ್ಲ, ಆ ಹಟ ಇದು.

ಇನ್ನು ಒಳಗೆ ಬಿಟ್ಟವರ ದೊಡ್ಡತನವನ್ನೂ ನೋಡಿದ್ದೇವೆ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ ಪಾಲವಣಕರ್ ಬಾಳೂ ಪುಣೆಯ ಇಂಗ್ಲಿಷರ ಜಿಮ್‌ಖಾನಾದಲ್ಲಿ ಕ್ರಿಕೆಟ್ ಅಂಗಳಕ್ಕೆ ರೋಲರು ಎಳೆಯುತ್ತಿದ್ದ. ಬೌಲಿಂಗಿನಲ್ಲಿ ಅವನ ಸಮ ಇಲ್ಲವೆಂದು ಗೊತ್ತಾದಾಗ ಹಿಂದೂಗಳು ತಮ್ಮ ತಂಡಕ್ಕೆ ಸೇರಿಸಿಕೊಂಡರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವನು ಅವನೇ. ಅಂಥವನಿಗೆ ಪುಣೆಯಲ್ಲಿ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಚೆಂಡು ಮುಟ್ಟಿದರೆ ಮೈಲಿಗೆಯಿಲ್ಲ, ಲೋಟ ಮುಟ್ಟಿದರೆ ಇದೆ!

ಎರಡೂ ದಾರಿ ನೋಡಿದ ಮೇಲೆ ನಾವು ಹೇಳೋದು ಇಷ್ಟು. ಬೇರೆ ಬಾವಿ ಶರಣಾಗತಿಯೋ ಸ್ವಾಭಿಮಾನವೋ ಅನ್ನೋದು ಬಾವಿಯ ಮೇಲೆ ನಿಂತಿಲ್ಲ. ಅದನ್ನು ತೋಡಲು ಹೇಳಿದವರು ಯಾರು, ಅದರ ಬಾಗಿಲಿಗೆ ಬೀಗ ಇದೆಯೋ ಇಲ್ಲವೋ, ಅದು ಸಿಕ್ಕಿತೆಂದು ನಾವು ಕೆರೆಯ ಹಕ್ಕು ಬಿಟ್ಟೆವೋ ಇಲ್ಲವೋ, ಇದರ ಮೇಲೆ ನಿಂತಿದೆ. ಪವೆಲ್ 'ಕರಿಯರಿಗೆ ಮಾತ್ರ' ಎಂಬ ಬೋರ್ಡು ಹಾಕಲಿಲ್ಲ. ಹಾಕಿದ್ದರೆ ಯಾರು ತಪ್ಪು ಅನ್ನುತ್ತಿದ್ದರು? ಹಾಕಲಿಲ್ಲ. ಯಾರಾದರೂ ಬನ್ನಿ, ಆಡಿ ಅಂದ. ಇಲ್ಲಿ ಲೆಕ್ಕಕ್ಕೆ ಬರುವ ಬಣ್ಣ ಹುಲ್ಲಿನದೊಂದೇ ಎಂಬ ಅರ್ಥದ ಮಾತು ಆಡುತ್ತಿದ್ದ. ಕಿಡಿಗೇಡಿಗಳು ಮೈದಾನ ಹಾಳುಗೆಡವಿದ್ದೂ ಉಂಟು. ಆತ ಬಾಗಿಲು ಮುಚ್ಚಲಿಲ್ಲ. ಆ ತೆರೆದ ಬಾಗಿಲೇ ಆತ ಕೂಗಿದ ಧಿಕ್ಕಾರ. ನಯವಾಗಿ ನಗುವವರಿಗೆ ಅದು ಕೇಳಿಸಲಿಲ್ಲ, ಅಷ್ಟೆ.

ನಮ್ಮ ಅಂಗಳಕ್ಕೂ ಅಂಥ ದಿನ ಬಂತು. ಶಾಲೆ ಮೈದಾನದಲ್ಲಿ ಮಳೆನೀರು ನಿಂತು ಕೆಸರಾದಾಗ ಊರ ಹುಡುಗರು ನಾಲ್ಕೈದು ಜನ ನಮ್ಮ ಗೆರೆಯಾಚೆ ಬಂದು ನಿಂತರು. ನಮ್ಮಲ್ಲೇ ಜಗಳ ಹತ್ತಿತು. 'ಬಾಲು ಎತ್ತಿ ಕೊಡಲಿ, ಸಾಕು' ಅಂದ ಒಬ್ಬ. ಅವನ ಕಾಲಲ್ಲಿ ಆ ಜಾಲಿಮುಳ್ಳಿನ ಕಲೆ ಇನ್ನೂ ಇತ್ತು. ಅವನ ಸಿಟ್ಟು ಸುಳ್ಳಲ್ಲ. ಕೊನೆಗೆ ಒಳಗೆ ಕರೆದೆವು. ಆಡಿದರು, ಚೆನ್ನಾಗಿಯೇ ಆಡಿದರು. ನಮ್ಮ ಕೊಡದ ನೀರು ಮಾತ್ರ ಮುಟ್ಟಲಿಲ್ಲ. ಮಾರನೇ ದಿನದಿಂದ ಬಾಟಲಿ ತಂದುಕೊಂಡರು. ತೆರೆದ ಬಾಗಿಲಿನಿಂದ ಎಲ್ಲವೂ ಆಗಿಬಿಡುತ್ತದೆ ಅಂತ ನಾವು ನಂಬಿಲ್ಲ. ಹಾಗಂತ ಬೀಗವನ್ನು ಅವರಿಂದ ಕಲಿಯುವುದೂ ಇಲ್ಲ.

ಬೀಗದ ಮಾತು ಬಂದಿತು, ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇವೆ. ಗುಂಡಿಗೆ ಅಳತೆ ಕೊಟ್ಟ ಆ ಸೇಂಟ್ ಆಂಡ್ರ್ಯೂಸ್ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ. 2015ರಲ್ಲಿ ಅದು ಮೊದಲ ಸಲ ಗೌರವ ಸದಸ್ಯತ್ವ ಕೊಟ್ಟ ಹೆಂಗಸರಲ್ಲಿ ಒಬ್ಬಳು ಪವೆಲ್ಲನ ಮಗಳು ರೆನೀ. ಅಪ್ಪ ಅಮ್ಮ ಕೈಯಿಂದ ಬಿತ್ತಿದ ಹುಲ್ಲಿನ ಮೇಲೆ ಆಟ ಕಲಿತು, 1967ರಲ್ಲಿ ವೃತ್ತಿಪರ ಆಟಗಾರ್ತಿಯಾದವಳು. ಆ ಕ್ಲಬ್ಬಿನವರನ್ನು ನೋಡಿ ನಗುವ ಮೊದಲು ನಮ್ಮ ಅಂಗಳ ನೋಡಿಕೊಂಡೆವು. ಜಾಲಿ ಕಡಿದಾಗ ಮುಳ್ಳು ಹೊತ್ತು ಹಾಕಿದ್ದು ನಮ್ಮ ಅಕ್ಕತಂಗಿಯರು. ಆಟಕ್ಕೆ ಅವರನ್ನು ನಾವು ಕರೆದಿರಲಿಲ್ಲ. ಒಬ್ಬ ತಂಗಿ ಬಂದು 'ನಮಗೂ ಗೆರೆ ಹಾಕಿದ್ದೀರಾ ಅಣ್ಣಾ?' ಅಂತ ಕೇಳಿದಾಗ ನಮ್ಮ ಬಾಯಿ ಕಟ್ಟಿತು. ಈಗ ವಾರಕ್ಕೆ ಮೂರು ಸಂಜೆ ಅಂಗಳ ಅವರದು. ಅದನ್ನು ನಾವು ಕೊಟ್ಟೆವೆಂದು ಬರೆಯುವುದಿಲ್ಲ. ಅವರು ಕೇಳಿ ತೆಗೆದುಕೊಂಡರು.

ಹಳ್ಳಿಯ ಮೇಷ್ಟ್ರುಗಳೇ, ಈ ಪತ್ರಿಕೆ ನಿಮ್ಮ ಕೈಗೂ ಬರುತ್ತದೆ. ಶಾಲೆ ಮೈದಾನದ ಬಾಗಿಲು ನಿಮ್ಮ ಕೈಲಿದೆ. ಸಂಜೆ ಗಂಟೆ ಹೊಡೆದ ಮೇಲೆ ಅಲ್ಲಿ ಯಾರು ಆಡುತ್ತಾರೆ, ಯಾರು ಗೆರೆಯಾಚೆ ನಿಲ್ಲುತ್ತಾರೆ ಒಂದು ಸಲ ನಿಂತು ನೋಡಿ. ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿಗೆ ಹೋದಾಗ ಖರಾಬು ಜಾಗ ಹುಡುಕಿ, ಜಾಲಿ ಕಡಿಯಿರಿ, ಗುಂಡಿ ತೋಡಿ, ಕಂಬ ನೆಡಿ, ಬಾಗಿಲು ಇಡಬೇಡಿ. ಆದರೆ ಶಾಲೆ ಮೈದಾನದ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ. ನಿಮ್ಮದೇ ಇದೆಯಲ್ಲ ಅಂದರೆ, ನಮ್ಮದು ಎಲ್ಲರದೂ ಆಗಿದೆ, ಎಲ್ಲರದು ಅಂತ ಬೋರ್ಡು ಹಾಕಿಕೊಂಡಿರೋ ಇದು ನಮ್ಮದೂ ಆಗೋದು ಯಾವಾಗ ಅಂತ ಕೇಳಿ.

ಬರುವ ಏಪ್ರಿಲ್ 14ರಂದು ನಮ್ಮ ಅಂಗಳದಲ್ಲಿ ಪಂದ್ಯ ಇದೆ. ಯಾವ ಕೇರಿಯವರಾದರೂ, ಯಾವ ಊರಿನವರಾದರೂ ಬರಬಹುದು. ಕುಡಿಯುವ ನೀರು ಒಂದೇ ಕೊಡದಲ್ಲಿ ಇರುತ್ತದೆ. ಮಾರನೇ ಸಂಜೆ ಅದೇ ಬಾಲು ಹಿಡಿದುಕೊಂಡು ನಾವು ಶಾಲೆ ಮೈದಾನಕ್ಕೆ ಹೋಗುತ್ತೇವೆ, ಗೆರೆಯ ಒಳಕ್ಕೆ. ಅಪ್ಪ ಹೇಳಿದ್ದು ನೆನಪಿದೆ. ಈ ಸಲ ಕಂಬದ ಗುಂಡಿಯನ್ನು ಇನ್ನೊಂದು ಗೇಣು ಆಳಕ್ಕೆ ತೋಡಿದ್ದೇವೆ.